ಮೆಚ್ಚಿನ ಹಾಡೂ ಹಿಡಿಸದಾದಾಗ

'ಯಾಕೋ ಇವತ್ತು ಮೂಡಿಲ್ಲ' ಎಂದು ಒಮ್ಮೆಯೂ ಹೇಳದವರು ಯಾರಿದ್ದಾರೆ? ಹಳ್ಳಿಯ ಅಜ್ಜಿ ಇದನ್ನೇ 'ಮನಸ್ಸಿಗೆ ಸರಿ ಇಲ್ಲ ಕಣಪ್ಪ' ಎನ್ನುತ್ತಾರೆ. ಕಾಲೇಜಿನ ಹುಡುಗ 'ಮೂಡ್ ಔಟ್' ಎನ್ನುತ್ತಾನೆ. ಮಾತು ಬೇರೆಯಾದರೂ ಅನುಭವ ಒಂದೇ. ಬೆಳಿಗ್ಗೆ ಲವಲವಿಕೆಯಿಂದ ಇದ್ದವರು ಮಧ್ಯಾಹ್ನದ ಹೊತ್ತಿಗೆ ಸಿಡಿಮಿಡಿಗೊಳ್ಳುತ್ತಾರೆ. ಸಂಜೆ ಒಂದು ಲೋಟ ಕಾಫಿ, ರೇಡಿಯೋದಲ್ಲಿ ಒಂದು ಹಳೆಯ ಚಿತ್ರಗೀತೆ, ಕಾಲಿಗೆ ಬಂದು ಮೈ ಉಜ್ಜುವ ಬೆಕ್ಕು ಇಷ್ಟು ಸಿಕ್ಕರೆ ಮತ್ತೆ ನಗುತ್ತಾರೆ. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಮನಸ್ಸು ಏರಿಳಿಯುವುದು ಅದರ ಸಹಜ ಗುಣ.

ಆದರೆ ಕೆಲವೊಮ್ಮೆ ಆ ಹಾಡು ಬಂದರೂ ಮುಖ ಅರಳುವುದಿಲ್ಲ. ಬೆಕ್ಕು ಬಂದು ಕುಳಿತರೂ ಕೈ ಅದರ ತಲೆ ಸವರುವುದಿಲ್ಲ. ಹೀಗೆ ದಿನಗಳು ಉರುಳುತ್ತವೆ. ಮನೆಯವರು 'ಸ್ವಲ್ಪ ಬೇಜಾರು, ತಾನೇ ಸರಿಹೋಗುತ್ತೆ' ಎಂದುಕೊಳ್ಳುತ್ತಾರೆ. ಈ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ತಿಳಿದಿದ್ದರೆ ಒಂದು ಜೀವವನ್ನೇ ಉಳಿಸಬಹುದು. ಹಾಡು ಮತ್ತು ಬೆಕ್ಕು ನಮ್ಮ ಮನಸ್ಸಿಗೆ ಹೇಗೆ ನೆರವಾಗುತ್ತವೆ, ಯಾವಾಗ ಅವುಗಳ ನೆರವು ಸಾಲದು, ಆಗ ಏನು ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

ಮಗ್ಗದ ಮನೆಯ ಜೊತೆಗಾರರು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮನೆಗಳಲ್ಲಿ ಹಾಡು ಮತ್ತು ಬೆಕ್ಕು ಎರಡಕ್ಕೂ ಹಳೆಯ ಸ್ಥಾನವಿದೆ. ದೊಡ್ಡಬಳ್ಳಾಪುರದಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳಿವೆ. ಎಷ್ಟೋ ಮನೆಗಳಲ್ಲಿ ವಾಸವೂ ಮಗ್ಗವೂ ಒಂದೇ ಸೂರಿನಡಿ. ಲಾಳಿಯ ಟಕಟಕ ಸದ್ದಿನ ನಡುವೆ ದಿನವಿಡೀ ನಿಂತು ದುಡಿಯುವವರಿಗೆ ಹಾಡೇ ಜೊತೆ. ಮೊದಲು ಅದು ರೇಡಿಯೋ ಆಗಿತ್ತು, ಆಮೇಲೆ ಟೇಪ್ ರೆಕಾರ್ಡರ್ ಬಂತು, ಈಗ ಮೊಬೈಲ್. ರೇಡಿಯೋಗೆ ನಾವು ಹೇಳುವ 'ಆಕಾಶವಾಣಿ' ಎಂಬ ಚೆಂದದ ಹೆಸರು ಹುಟ್ಟಿದ್ದೂ ನಮ್ಮ ನಾಡಿನಲ್ಲೇ. 1935ರಲ್ಲಿ ಮೈಸೂರಿನಲ್ಲಿ ಖಾಸಗಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಇನ್ನು ಬೆಕ್ಕು. ನೂಲು, ಧಾನ್ಯ, ರೇಷ್ಮೆಗೂಡು ಇರುವಲ್ಲಿ ಇಲಿ ಬರುತ್ತದೆ. ಇಲಿ ಬಂದಲ್ಲಿ ಬೆಕ್ಕು ಬೇಕಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಗೂಡಿನೊಳಗಿನ ಹುಳುವಿನ ಆಸೆಗೆ ಇಲಿ ಒಂದೇ ರಾತ್ರಿಯಲ್ಲಿ ಎಷ್ಟೋ ಗೂಡುಗಳನ್ನು ಕಡಿದು ಹಾಕಬಲ್ಲದು ಎಂಬುದು ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು. ಹೀಗೆ ಇಲಿ ಹಿಡಿಯಲೆಂದು ಮನೆ ಸೇರಿದ ಬೆಕ್ಕು ಮಕ್ಕಳ ಹಾಸಿಗೆಯ ಪಾಲುದಾರನಾಗಿ, ಅಜ್ಜಿಯ ಮಡಿಲಿನ ಒಡೆಯನಾಗಿ ಉಳಿದುಬಿಡುತ್ತದೆ. ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವವರ ಮನೆಯಲ್ಲೂ ಅವರದೇ ಬೆಕ್ಕು ದಿನಕ್ಕೆ ಹತ್ತು ಸಲ ಅಡ್ಡ ಬರುತ್ತದೆ. ಅದಕ್ಕೆ ಯಾವ ದೋಷವೂ ಇಲ್ಲ!

ಮನಃಸ್ಥಿತಿ ಏಕೆ ಬದಲಾಗುತ್ತದೆ?

ನಮ್ಮ ಮನಃಸ್ಥಿತಿ ಹವಾಮಾನದಂತೆ. ಅದರ ಹಿಂದೆ ಹಲವು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ದೊಡ್ಡದು ನಿದ್ರೆ. ಒಂದು ರಾತ್ರಿ ನಿದ್ರೆಗೆಟ್ಟರೆ ಮರುದಿನ ಸಣ್ಣ ಮಾತಿಗೂ ಕೋಪ ಬರುತ್ತದೆ. ನಮ್ಮ ಜಿಲ್ಲೆಯ ದುಡಿಮೆಯನ್ನು ಗಮನಿಸಿ. ಮಗ್ಗದಲ್ಲಿ ರಾತ್ರಿ ಪಾಳಿ ಇದೆ. ರೇಷ್ಮೆಹುಳು ನಾಲ್ಕನೆಯ ಜ್ವರ ಕಳೆದು ಕೊನೆಯ ಹಂತಕ್ಕೆ ಬಂದಾಗ ಹೊತ್ತುಗೊತ್ತಿಲ್ಲದೆ ಸೊಪ್ಪು ಹಾಕಬೇಕು. 2008ರಲ್ಲಿ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅಲ್ಲಿ ದಿನದ 24 ಗಂಟೆಯೂ ಕೆಲಸ. ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲೂ ರಾತ್ರಿ ಪಾಳಿ ಸಾಮಾನ್ಯ. ಸೂರ್ಯ ಹುಟ್ಟುವಾಗ ಮಲಗಿ, ಮುಳುಗುವಾಗ ಏಳುವ ದೇಹದ ಒಳಗಡಿಯಾರ ಗೊಂದಲಕ್ಕೆ ಬೀಳುತ್ತದೆ. ಮೂಡು ಕೆಡಲು ಇದೊಂದೇ ಸಾಕು.

ಇದಲ್ಲದೆ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ನಿಧಾನಗತಿ, ಬಿ12 ಜೀವಸತ್ವದ ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಸುಸ್ತು, ಬೇಸರ, ಅಳುಕು ತರಬಲ್ಲವು. ಹೆಂಗಸರಲ್ಲಿ ಮುಟ್ಟಿನ ಮುಂಚಿನ ದಿನಗಳು, ಹೆರಿಗೆಯ ನಂತರದ ದಿನಗಳು, ಮುಟ್ಟು ನಿಲ್ಲುವ ವಯಸ್ಸು ಇವೂ ಮನಸ್ಸನ್ನು ಅಲುಗಾಡಿಸುತ್ತವೆ. ಸಾಲದ ಕಂತು, ಸೀರೆಗೆ ಬೀಳದ ಬೆಲೆ, ಮಕ್ಕಳ ಮದುವೆಯ ಚಿಂತೆಯನ್ನಂತೂ ಹೇಳಬೇಕಾಗಿಯೇ ಇಲ್ಲ. ಆದ್ದರಿಂದ 'ಮೂಡು ಸರಿ ಇಲ್ಲ' ಎಂಬುದನ್ನು ಸೋಮಾರಿತನವೆಂದೋ ಹಟವೆಂದೋ ತಳ್ಳಿಹಾಕುವುದು ಸರಿಯಲ್ಲ.

ಹಾಡು ಏನು ಮಾಡುತ್ತದೆ?

ಮೆಚ್ಚಿನ ಹಾಡು ಕೇಳಿದಾಗ ಮೈ ಜುಮ್ಮೆನ್ನುವುದು ಬರೀ ಕಲ್ಪನೆಯಲ್ಲ. 2011ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಹಾಡು ಕೇಳುತ್ತಿದ್ದವರ ಮೆದುಳಿನ ಚಿತ್ರ ತೆಗೆದು ನೋಡಿದರು. ಹಾಡಿನ ಅತ್ಯಂತ ಇಷ್ಟವಾದ ಭಾಗ ಬಂದಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಹಸಿದವನಿಗೆ ರುಚಿಯಾದ ಊಟ ಸಿಕ್ಕಾಗ ಕೆಲಸ ಮಾಡುವುದೂ ಇದೇ ವ್ಯವಸ್ಥೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಭಾಗ 'ಈಗ ಬರುತ್ತದೆ' ಎಂದು ಕಾಯುವ ಕ್ಷಣದಲ್ಲೇ ಅದರ ಬಿಡುಗಡೆ ಆರಂಭವಾಗಿರುತ್ತದೆ. ನೂರು ಸಲ ಕೇಳಿದ ಹಾಡೂ ಏಕೆ ಹಿತವಾಗಿರುತ್ತದೆ ಎಂಬುದಕ್ಕೆ ಇದು ಒಂದು ಉತ್ತರ.

ಹಾಡು ಕಾಯಿಲೆಗೂ ನೆರವಾಗುತ್ತದೆಯೆ? 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆ ಮತ್ತು ಸಂಗೀತ ಆರೋಗ್ಯಕ್ಕೆ ಪೂರಕ ಎಂದು ವರದಿ ನೀಡಿತು. ಖಿನ್ನತೆಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದವರಿಂದ ಸಂಗೀತ ಚಿಕಿತ್ಸೆಯನ್ನೂ ಕೊಟ್ಟರೆ ಕೆಲವು ಕಾಲ ಹೆಚ್ಚು ಗುಣ ಕಾಣುತ್ತದೆ ಎಂದು 2017ರ ಒಂದು ವಿಮರ್ಶೆ ಹೇಳಿತು. 'ಜೊತೆಗೆ' ಎಂಬ ಮಾತನ್ನು ಗಮನಿಸಿ. ಚಿಕಿತ್ಸೆಯ ಬದಲಿಗೆ ಹಾಡು ಎಂದು ಯಾರೂ ಹೇಳಿಲ್ಲ.

ಇಂಥ ರಾಗ ಕೇಳಿದರೆ ಇಂಥ ರೋಗ ವಾಸಿ ಎಂಬ ಪಟ್ಟಿಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ನೀಲಾಂಬರಿ ರಾಗದಲ್ಲಿ ಜೋಗುಳ ಹಾಡುವ ಸಂಪ್ರದಾಯ ಸುಂದರವಾದದ್ದು, ಮಗುವಿಗೆ ಹಿತವಾದದ್ದು. ಆದರೆ ಒಂದೊಂದು ಕಾಯಿಲೆಗೆ ಒಂದೊಂದು ರಾಗ ಎಂಬ ಮದ್ದಿನ ಪಟ್ಟಿಗೆ ಗಟ್ಟಿಯಾದ ಆಧಾರವಿಲ್ಲ. ಅಧ್ಯಯನಗಳಲ್ಲಿ ಹೆಚ್ಚಾಗಿ ಕಂಡುಬರುವುದು ಒಂದು ಸರಳ ಸಂಗತಿ: ಕೇಳುವವರಿಗೆ ಇಷ್ಟವಾದ ಸಂಗೀತವೇ ಅವರಿಗೆ ಹೆಚ್ಚು ಹಿತ. ನಿಮಗೆ ತತ್ವಪದ ಇಷ್ಟವೆ? ಅದನ್ನೇ ಕೇಳಿ. ಹಳೆಯ ಚಿತ್ರಗೀತೆ ಇಷ್ಟವೆ? ಅದೂ ಸರಿ. ಮಗನಿಗೆ ಬೇರೇನೋ ಅಬ್ಬರದ ಹಾಡು ಇಷ್ಟವಾದರೆ ಅದಕ್ಕಾಗಿ ಜಗಳ ಬೇಡ.

ದುಃಖದಲ್ಲಿದ್ದಾಗ ದುಃಖದ ಹಾಡು ಕೇಳಬಹುದೆ ಎಂದು ಕೆಲವರು ಕೇಳುತ್ತಾರೆ. ಕೇಳಬಹುದು. ಅತ್ತು ಹಗುರಾಗುವವರೂ ಇದ್ದಾರೆ. ಹಾಡು ಮುಗಿದ ಮೇಲೆ ಹೇಗನಿಸುತ್ತದೆ ಎಂಬುದೇ ಪರೀಕ್ಷೆ. ಎದೆಯ ಭಾರ ಇಳಿದಂತಾದರೆ ಒಳ್ಳೆಯದು. ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು, ಅದೇ ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತ ಇನ್ನಷ್ಟು ಆಳಕ್ಕೆ ಇಳಿಯುತ್ತಿದ್ದರೆ ಹಾಡು ಬದಲಿಸಿ; ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಕೇಳುವುದಕ್ಕಿಂತಲೂ ಹಾಡುವುದು, ಅದರಲ್ಲೂ ಜೊತೆಗೂಡಿ ಹಾಡುವುದು ಇನ್ನೂ ಒಳ್ಳೆಯದು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ ತಾಯಂದಿರನ್ನು ಇಂಗ್ಲೆಂಡಿನಲ್ಲಿ ಹತ್ತು ವಾರ ಗುಂಪಾಗಿ ಹಾಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಲಕ್ಷಣಗಳು ಹೆಚ್ಚಾಗಿದ್ದ ತಾಯಂದಿರು ಹಾಡಿನ ಗುಂಪಿನಲ್ಲಿ ಬೇಗ ಚೇತರಿಸಿಕೊಂಡರು. ನಮ್ಮ ಹಳ್ಳಿಗಳ ಭಜನೆ, ಸೋಬಾನೆ, ರಾಗಿ ಬೀಸುವಾಗಿನ ಪದಗಳನ್ನು ನೆನಪಿಸಿಕೊಳ್ಳಿ. ರಾಗಿಕಲ್ಲು ಮೂಲೆ ಸೇರಿದೆ, ಪದ ಹೇಳುವವರು ಕಡಿಮೆಯಾಗಿದ್ದಾರೆ. ಆದರೆ ಬಾಣಂತಿಯ ಕೋಣೆಯಲ್ಲಿ ನಾಲ್ಕು ಹೆಂಗಸರು ಕೂತು ಒಂದು ಜೋಗುಳ ಹಾಡುವುದಕ್ಕೆ ಯಾವ ಖರ್ಚೂ ಇಲ್ಲ.

ಮಡಿಲಿನ ಬೆಕ್ಕು

ಬೆಕ್ಕು ಹಾಡಿಗಿಂತ ಭಿನ್ನ. ಅದು ನಮ್ಮ ಮರ್ಜಿಗೆ ಬರುವುದಿಲ್ಲ, ತನ್ನ ಮರ್ಜಿಗೆ ಬರುತ್ತದೆ. ಬಂದು ಕುಳಿತಾಗ ಮಾತ್ರ ಪೂರ್ತಿ ನಮ್ಮದಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕೇವಲ 10 ನಿಮಿಷ ನಾಯಿ, ಬೆಕ್ಕುಗಳ ಮೈದಡವಲು ಬಿಟ್ಟರು. ಬರೀ ನೋಡಿದವರಿಗಿಂತ, ಕಾದು ಕುಳಿತವರಿಗಿಂತ, ಮೈದಡವಿದವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಬೆಕ್ಕಿನ ಗುರುಗುರು ಸದ್ದು ಮುರಿದ ಮೂಳೆಯನ್ನೂ ಕೂಡಿಸುತ್ತದೆ ಎಂದು ಹೇಳುವವರಿದ್ದಾರೆ. ಅದಕ್ಕೆ ಪುರಾವೆ ಇಲ್ಲ. ಆದರೆ ಮಡಿಲಲ್ಲಿ ಬೆಚ್ಚಗೆ ಮಲಗಿದ ಜೀವವೊಂದು ಗುರುಗುಡುತ್ತಿದ್ದರೆ ನಮ್ಮ ಉಸಿರೂ ನಿಧಾನವಾಗುವುದನ್ನು ನೀವೇ ಗಮನಿಸಿರಬಹುದು.

ಒಂಟಿಯಾಗಿರುವ ಹಿರಿಯರಿಗೆ ಸಾಕುಪ್ರಾಣಿಯಿಂದ ಇನ್ನೊಂದು ಲಾಭವಿದೆ. ಬೆಳಿಗ್ಗೆ ಏಳಲು ಅದೊಂದು ಕಾರಣ. ಬೆಕ್ಕು ಬಾಗಿಲಲ್ಲಿ ಕೂತು ಕೂಗುತ್ತಿದ್ದರೆ ಅದಕ್ಕೆ ಅನ್ನ ಹಾಕಲಾದರೂ ಎದ್ದೇಳಲೇಬೇಕು. ದಿನಕ್ಕೊಂದು ಕಟ್ಟಳೆ ಬರುತ್ತದೆ. ಹಿರಿಯ ಕಲಾವಿದೆ ಲೀಲಾವತಿ ಅವರು ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ನಟಿಸಿ, ಮುಪ್ಪಿನ ದಿನಗಳನ್ನು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ತೋಟದಲ್ಲಿ ಗಿಡಮರ, ಪ್ರಾಣಿಗಳ ಒಡನಾಟದಲ್ಲಿ ಕಳೆದರು. ಊರಿನ ಜನರಿಗಾಗಿ ಆಸ್ಪತ್ರೆ ಕಟ್ಟಿಸಿಕೊಟ್ಟ ಅವರು ಅಷ್ಟಕ್ಕೇ ನಿಲ್ಲದೆ ಪಶು ಆಸ್ಪತ್ರೆಯನ್ನೂ ಕಟ್ಟಿಸಿದರು. 2023ರ ನವೆಂಬರ್ ಕೊನೆಯಲ್ಲಿ ಅದು ಉದ್ಘಾಟನೆಯಾಯಿತು. ಕೆಲವೇ ದಿನಗಳಲ್ಲಿ, ಡಿಸೆಂಬರ್ 8ರಂದು, ಅವರು ತೀರಿಕೊಂಡರು. ಮೂಕಪ್ರಾಣಿಗಳ ಮೇಲಿನ ಅಕ್ಕರೆ ಮುಪ್ಪಿನಲ್ಲೂ ಮನುಷ್ಯನಿಗೆ ಮಾಡಬೇಕಾದ ಕೆಲಸವೊಂದನ್ನು ಉಳಿಸಿಕೊಡುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇಂಥ ನಿದರ್ಶನವಿದೆ.

ಹಾಗೆಯೇ ಸಾಕಿದ ಬೆಕ್ಕು ಸತ್ತಾಗ ಆಗುವ ದುಃಖವೂ ನಿಜವಾದ ದುಃಖ. 'ಒಂದು ಬೆಕ್ಕಿಗೆ ಇಷ್ಟು ಅಳುವುದೇ?' ಎಂದು ಮಗುವನ್ನಾಗಲಿ ಅಜ್ಜಿಯನ್ನಾಗಲಿ ಹಂಗಿಸಬೇಡಿ. ಅತ್ತು ಮುಗಿಸಲು ಬಿಡಿ. ಮಾರನೆಯ ದಿನವೇ ಇನ್ನೊಂದು ಮರಿ ತಂದು ಕೈಗಿಡುವ ಅವಸರವೂ ಬೇಡ.

ಮನೆಯಲ್ಲೇ ಇರುವ ಮಾಪಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಜ್ವರ ನೋಡಲು ಥರ್ಮಾಮೀಟರ್ ಇದೆ. ಮನಸ್ಸಿನ ಜ್ವರ ನೋಡಲು ಏನಿದೆ? ಖಿನ್ನತೆಯನ್ನು ಗುರುತಿಸಲು ವೈದ್ಯರು ಮೊದಲು ಕೇಳುವುದು ಎರಡೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೆ? ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೆ, ಭರವಸೆ ಹೋಗಿದೆಯೆ?

ಇದರಲ್ಲಿ ಎರಡನೆಯ ಪ್ರಶ್ನೆಗೆ ನಮ್ಮ ಜನ ಸುಲಭವಾಗಿ ಬಾಯಿ ಬಿಡುವುದಿಲ್ಲ. ಗಂಡಸರಂತೂ 'ಏನಿಲ್ಲ ಬಿಡಿ' ಎಂದು ಎದ್ದುಹೋಗುತ್ತಾರೆ. ಆದರೆ ಮೊದಲನೆಯ ಪ್ರಶ್ನೆಯ ಉತ್ತರವನ್ನು ಅವರು ಹೇಳಬೇಕಾಗಿಯೇ ಇಲ್ಲ, ಮನೆಯವರ ಕಣ್ಣಿಗೇ ಕಾಣುತ್ತದೆ. ಮೆಚ್ಚಿನ ಹಾಡು, ಅಕ್ಕರೆಯ ಬೆಕ್ಕು ಇಲ್ಲಿ ಕೆಲಸಕ್ಕೆ ಬರುತ್ತವೆ. ಅವು ಬರೀ ಮದ್ದಲ್ಲ, ಮಾಪಕವೂ ಹೌದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯೊಡತಿಗೆ 45 ವರ್ಷ. ಕಂಡಿಕೆ ಸುತ್ತುತ್ತ ಕೂತರೆ ಮೊಬೈಲಿನಲ್ಲಿ ಹಾಡು ಇರಲೇಬೇಕು, ತಾವೂ ಸಣ್ಣಗೆ ದನಿಗೂಡಿಸುವವರು. ಬೆಕ್ಕಿಗೆ ಮೊಸರನ್ನದ ಮೊದಲ ತುತ್ತು ಹಾಕದೆ ತಾವು ಉಣ್ಣುವುದಿಲ್ಲ. ಈಗ ಕೆಲವು ವಾರಗಳಿಂದ ಹಾಡು ನಿಂತಿದೆ. ಮಗಳು ಹಾಕಿದರೆ 'ಅದನ್ನ ಆರಿಸು, ತಲೆನೋವು' ಎನ್ನುತ್ತಾರೆ. ಬೆಕ್ಕು ಬಂದರೆ ಕಾಲಿನಿಂದ ಸರಿಸುತ್ತಾರೆ. ನಸುಕಿಗೆ ಮೂರು ಗಂಟೆಗೇ ಎಚ್ಚರವಾಗುತ್ತದೆ, ಮತ್ತೆ ನಿದ್ರೆ ಬಾರದು. ಊಟ ಸೇರದು. ಕೇಳಿದರೆ 'ಮೈಕೈ ನೋವು, ಸುಸ್ತು' ಎನ್ನುತ್ತಾರೆ. ಮನಸ್ಸಿನ ಮಾತೇ ಎತ್ತುವುದಿಲ್ಲ. ನೋವಿನ ಮಾತ್ರೆ, ಟಾನಿಕ್ಕು, ಆಮೇಲೆ ಯಂತ್ರ, ತಾಯತ ಎಂದು ತಿಂಗಳುಗಳು ಕಳೆಯುತ್ತವೆ. ಇದು ಬೇಜಾರಲ್ಲ, ಖಿನ್ನತೆ ಎಂಬ ಕಾಯಿಲೆ. ಹಾಡು ನಿಂತ ಎರಡನೆಯ ವಾರದಲ್ಲೇ ಮಗಳು ಅದನ್ನು ಗುರುತಿಸಬಹುದಿತ್ತು.

ಬೇಜಾರಿಗೂ ಖಿನ್ನತೆಗೂ ಇರುವ ವ್ಯತ್ಯಾಸ ಇದೇ. ಬೇಜಾರಾದವರನ್ನು ಇಷ್ಟವಾದದ್ದು ಸ್ವಲ್ಪವಾದರೂ ಮೇಲಕ್ಕೆತ್ತುತ್ತದೆ. ಖಿನ್ನತೆಯಲ್ಲಿ ಇಷ್ಟವೆಂಬುದೇ ಬತ್ತಿಹೋಗುತ್ತದೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹೀಗೇ ಇದ್ದು, ಜೊತೆಗೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆ ಕುಂದಿದರೆ, 'ನಾನು ಯಾರಿಗೂ ಬೇಡ' ಎಂಬ ಮಾತು ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಗಂಡಸರಲ್ಲಿ ಇದೇ ಕಾಯಿಲೆ ಸಿಡುಕು, ಹೊಡೆದಾಟ, ಹೆಚ್ಚಿದ ಕುಡಿತದ ವೇಷದಲ್ಲಿ ಬರಬಹುದು.

ಮಾಪಕ ಇನ್ನೊಂದು ದಿಕ್ಕಿಗೂ ವಾಲಬಹುದು. ಮಿತಭಾಷಿಯಾಗಿದ್ದ ಹುಡುಗ ಇದ್ದಕ್ಕಿದ್ದಂತೆ ರಾತ್ರಿಯಿಡೀ ಜೋರಾಗಿ ಹಾಡು ಹಾಕಿಕೊಂಡು, ಎರಡು ಗಂಟೆ ಮಲಗಿದರೂ ದಣಿಯದೆ, ಬಿಡುವಿಲ್ಲದೆ ಮಾತಾಡುತ್ತ, ಕೈಗೆ ಸಿಕ್ಕ ಹಣ ಖರ್ಚು ಮಾಡುತ್ತ, ಹತ್ತು ಬೆಕ್ಕಿನಮರಿ ತಂದು ಸಾಕುತ್ತೇನೆ ಎಂದು ಹೊರಟರೆ 'ಒಳ್ಳೇ ಮೂಡಿನಲ್ಲಿದ್ದಾನೆ' ಎಂದು ನಗಬೇಡಿ. ಕೆಲವು ದಿನ ಹೀಗೇ ಮುಂದುವರಿದರೆ ಅದು ಉನ್ಮಾದವಿರಬಹುದು. ಉನ್ಮಾದ, ಖಿನ್ನತೆಗಳು ಒಂದಾದ ಮೇಲೊಂದು ಬರುವ ಕಾಯಿಲೆಗೂ ಒಳ್ಳೆಯ ಚಿಕಿತ್ಸೆ ಇದೆ.

ಮನಸ್ಸೋ, ಕಿವಿಯೋ?

ಹಾಡು ಹಿಡಿಸದಾಗಲು ಇನ್ನೊಂದು ಕಾರಣವೂ ಇರಬಹುದು. ನೇಕಾರರು ಇದನ್ನು ಅಗತ್ಯವಾಗಿ ಓದಬೇಕು. ವಿದ್ಯುತ್ ಮಗ್ಗಗಳು ಓಡುವ ಕೋಣೆಯಲ್ಲಿ ಸದ್ದು ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಕಿವಿಗೆ 85 ಡೆಸಿಬೆಲ್ ಸದ್ದು ದಿನಕ್ಕೆ 8 ಗಂಟೆಯವರೆಗೆ ಸಹ್ಯ ಎಂಬುದು ತಜ್ಞರ ಲೆಕ್ಕ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಹ್ಯವಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಬರೀ ಅರ್ಧ ಗಂಟೆ. ಮಗ್ಗದ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವವರ ಕಿವಿಯ ಗತಿ ಏನಾಗಬೇಕು, ಯೋಚಿಸಿ.

ಅದರ ಮೇಲೆ ಹಾಡು. ಮಗ್ಗದ ಸದ್ದನ್ನು ಮೀರಿ ಕೇಳಬೇಕಾದರೆ ಹಾಡನ್ನು ಅದಕ್ಕಿಂತ ಜೋರಾಗಿ ಹಾಕಬೇಕು. ಕಿವಿಯೊಳಗೇ ಇಯರ್‌ಫೋನ್ ಸಿಕ್ಕಿಸಿಕೊಂಡರಂತೂ ಪೆಟ್ಟು ನೇರ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 16 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚಲು ಸ್ವರಗಳನ್ನು ಹಿಡಿಯುವ ಶಕ್ತಿ. ಆಗ ದನಿ ಕೇಳುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. 'ಸ', 'ಶ', 'ತ' ಅಕ್ಷರಗಳು ಕಲಸಿಹೋಗುತ್ತವೆ. ಹಾಡಿನ ಸಾಹಿತ್ಯ ತಿಳಿಯದು, ಕೊಳಲು ಮಂಕಾಗಿ ಕೇಳುತ್ತದೆ. ರಾತ್ರಿ ಮಗ್ಗ ನಿಂತ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಇಂಥವರು 'ಈಗಿನ ಹಾಡಿನಲ್ಲಿ ಏನೂ ಸ್ವಾರಸ್ಯವಿಲ್ಲ' ಎಂದು ಹಾಡು ಬಿಡುತ್ತಾರೆ. ಮಾತು ತಪ್ಪಾಗಿ ಕೇಳಿಸಿ ನಗೆಪಾಟಲಾಗುವ ಸಂಕೋಚಕ್ಕೆ ಮದುವೆ ಮುಂಜಿಗೆ ಹೋಗುವುದನ್ನೂ ಬಿಡುತ್ತಾರೆ. ಹೀಗೆ ಒಂಟಿಯಾದವರನ್ನು ಕ್ರಮೇಣ ಖಿನ್ನತೆಯೂ ಹಿಡಿಯಬಹುದು. ಕಿವಿಯ ಕಾಯಿಲೆ ಮನಸ್ಸಿನ ಕಾಯಿಲೆಗೆ ದಾರಿ ಮಾಡಿಕೊಡುವುದು ಹೀಗೆ.

ಇವೆರಡನ್ನು ಬೇರ್ಪಡಿಸುವ ಒಂದು ಸುಲಭ ಸುಳಿವು ಇದೆ. ಹಾಡು ಬಿಟ್ಟವರು ಬೆಕ್ಕನ್ನೂ ಮೊಮ್ಮಗುವನ್ನೂ ಇನ್ನೂ ಅಷ್ಟೇ ಅಕ್ಕರೆಯಿಂದ ಎತ್ತಿಕೊಳ್ಳುತ್ತಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹಾಡೂ ಬೇಡ, ಬೆಕ್ಕೂ ಬೇಡ, ಊಟವೂ ಬೇಡ ಎಂದಾದರೆ ಮನಸ್ಸಿನ ಕಡೆ ಗಮನ ಹರಿಸಿ. ಎರಡೂ ಒಟ್ಟಿಗೆ ಇರಬಹುದೆಂಬುದನ್ನೂ ಮರೆಯಬೇಡಿ. ಕಿವಿ ಪರೀಕ್ಷೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಆಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾದದ್ದು. ಹೋದ ಕೇಳ್ಮೆ ಮರಳಿ ಬಾರದಿದ್ದರೂ ಶ್ರವಣ ಸಾಧನದಿಂದ ಮಾತುಕತೆ, ಹಾಡು ಎರಡೂ ಬಹುಮಟ್ಟಿಗೆ ಮರಳಿ ದಕ್ಕುತ್ತವೆ.

ಉಳಿದಿರುವುದನ್ನು ಕಾಪಾಡಿಕೊಳ್ಳಲು ಮಗ್ಗದ ಮುಂದೆ ಕಿವಿಗೆ ಇಯರ್‌ಪ್ಲಗ್ ಹಾಕಿ. ಮೆಡಿಕಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬರೀ ಹತ್ತಿ ತುರುಕಿಕೊಂಡರೆ ಅಷ್ಟು ಪ್ರಯೋಜನವಿಲ್ಲ. ಮಗ್ಗ ಓಡುವಾಗ ಹಾಡು ಬೇಡ. ಮಗ್ಗ ನಿಲ್ಲಿಸಿ, ಹೊರಗೆ ಜಗಲಿಯ ಮೇಲೆ ಕೂತು, ಪಕ್ಕದವರ ಮಾತು ಕೇಳುವಷ್ಟು ಸಣ್ಣ ದನಿಯಲ್ಲಿ ಹತ್ತು ನಿಮಿಷ ಹಾಡು ಕೇಳಿ. ಕಿವಿಗೂ ವಿಶ್ರಾಂತಿ, ಮನಸ್ಸಿಗೂ ವಿಶ್ರಾಂತಿ.

ಬೆಕ್ಕು ಸಾಕುವವರಿಗೆ ಎಚ್ಚರಿಕೆ

ಅಕ್ಕರೆಯ ಜೊತೆ ಅರಿವೂ ಇರಲಿ. ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಕಾಫಿಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ, ವೈದ್ಯರು ಹೇಳಿದ ದಿನಗಳಂದು ತಪ್ಪದೆ ಮುಗಿಸಿ. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಬೆಕ್ಕನ್ನು 10 ದಿನ ಗಮನಿಸಿ. ಆದರೆ ಅದಕ್ಕಾಗಿ ಚುಚ್ಚುಮದ್ದು ಮುಂದೂಡಬೇಡಿ. ಬೆಕ್ಕಿಗೂ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿ.

ಗರ್ಭಿಣಿ ಇರುವ ಮನೆಯಿಂದ ಬೆಕ್ಕನ್ನು ಓಡಿಸಬೇಕೆಂಬ ಮಾತು ಸರಿಯಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇರಬಹುದು, ಅದು ಗರ್ಭದ ಮಗುವಿಗೆ ಅಪಾಯಕಾರಿ ಎಂಬುದು ನಿಜ. ಆದರೆ ಮಲದಲ್ಲಿ ಹೊರಬಿದ್ದ ಅದು ಸೋಂಕು ತರುವಂತಾಗಲು ಕನಿಷ್ಠ ಒಂದು ದಿನವಾದರೂ ಬೇಕು. ಆದ್ದರಿಂದ ಮನೆಯ ಬೇರೆಯವರು ದಿನವೂ ಹೊಲಸು ತೆಗೆದರೆ, ಗರ್ಭಿಣಿ ಮಣ್ಣು ಮುಟ್ಟಿದ ಮೇಲೆ ಕೈ ತೊಳೆದು, ತರಕಾರಿ ತೊಳೆದು, ಮಾಂಸವನ್ನು ಚೆನ್ನಾಗಿ ಬೇಯಿಸಿ ತಿಂದರೆ ಸಾಕು. ದಮ್ಮು ಇರುವವರಿಗೆ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನಿನಿಂದ ಉಬ್ಬಸ ಹೆಚ್ಚಬಹುದು. ಅಂಥವರು ಬೆಕ್ಕನ್ನು ಮಲಗುವ ಕೋಣೆಗೆ ಬಿಡಬೇಡಿ. ಇನ್ನೊಂದು ಮಾತು: ಬೆಕ್ಕಿಗೆ ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಚಿಕಿತ್ಸೆ ದೂರವಿಲ್ಲ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೊಂದು ಹಂತದಲ್ಲಿ ಖಿನ್ನತೆ ಬರುತ್ತದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯವರೆಗೆ ಬರುವುದೇ ಇಲ್ಲ. ಚಿಕಿತ್ಸೆ ಇಲ್ಲವೆಂದಲ್ಲ; ಇದು ಕಾಯಿಲೆ ಎಂದು ಗೊತ್ತಾಗುವುದಿಲ್ಲ, ಗೊತ್ತಾದರೂ 'ಹುಚ್ಚು ಅಂದಾರು' ಎಂಬ ಭಯ.

ಮೊದಲು ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ರಾಜ್ಯದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಅಲ್ಲಿಯೇ ವಿಚಾರಿಸಿ. ಆಸ್ಪತ್ರೆಗೆ ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಗುಣ ತೋರುವುದೂ ಇಲ್ಲ. ಎರಡರಿಂದ ನಾಲ್ಕು ವಾರ ಬೇಕು. 'ಒಂದು ವಾರ ನುಂಗಿದೆ, ಏನೂ ಆಗಲಿಲ್ಲ' ಎಂದು ಬಿಡಬೇಡಿ. ಗುಣ ಕಂಡ ಮೇಲೂ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಆರು ತಿಂಗಳಾದರೂ, ಮುಂದುವರಿಸಬೇಕು. ಕಾಯಿಲೆ ಹಗುರವಾಗಿದ್ದರೆ ಮಾತ್ರೆಯಿಲ್ಲದೆ ಆಪ್ತಸಲಹೆಯಿಂದಲೇ ಗುಣವಾಗಬಹುದು.

'ಸಾಯಬೇಕು ಅನಿಸುತ್ತೆ' ಎಂಬ ಮಾತು ಬಂದರೆ ಅದನ್ನು ಬೆದರಿಕೆ ಎಂದು ತಿಳಿಯಬೇಡಿ. 'ಅಂಥ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದದ್ದು ಹೊರಬಂದು ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕವನ್ನು ಮನೆಯಿಂದ ಆಚೆ ಬೀಗದೊಳಗಿಡಿ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಇಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ; ಅವರಿಗೆ ಬೇಕಾದುದು ಆರೈಕೆಯೇ ಹೊರತು ಶಿಕ್ಷೆಯಲ್ಲ ಎಂಬುದೇ ಅದರ ಆಶಯ.

ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಹಾಡು ಇಷ್ಟ, ಯಾರು ಬೆಕ್ಕಿಗೆ ಮೊದಲ ತುತ್ತು ಹಾಕುತ್ತಾರೆ ಎಂಬುದು ನಿಮಗೆ ಗೊತ್ತಿರುತ್ತದೆ. ಅದು ಯಾವ ವೈದ್ಯರಿಗೂ ಗೊತ್ತಿರುವುದಿಲ್ಲ. ಆ ಹಾಡು ನಿಂತು ಎರಡು ವಾರವಾಗಿದ್ದರೆ, ಬೆಕ್ಕು ಬೇರೆಯವರ ತಟ್ಟೆಯ ಬಳಿ ಹೋಗಿ ಕೂರುತ್ತಿದ್ದರೆ, ಪಕ್ಕದಲ್ಲಿ ಕೂತು 'ಏನಾಗಿದೆ?' ಎಂದು ಕೇಳಿ. ಉತ್ತರ ಬರಲು ಹೊತ್ತಾಗಬಹುದು, ಕಾಯಿರಿ. ಆಮೇಲೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಬನ್ನಿ.